ಇಪ್ಪತ್ತೆಂಟು ಕೊಕ್ಕೆಗಳು

ಬ್ಯಾಂಕಿನ ಕೆಲಸದಿಂದ ಸ್ವಯಂನಿವೃತ್ತಿ ಪಡೆದಾಗ, 2009ರಲ್ಲಿ, ಕೈಗೆ ಬಂದ ಹಣದಲ್ಲಿ ಮಗಳ ಮದುವೆಗೆಂದು ಎತ್ತಿಟ್ಟು ಉಳಿದದ್ದರಲ್ಲಿ ನಾನೊಂದು ಕ್ಯಾಮೆರಾ ಕೊಂಡೆ. “ಈ ವಯಸ್ಸಿನಲ್ಲಿ ಇನ್ನು ಹಕ್ಕಿಗಳ ಹಿಂದೆ ಓಡ್ತೀಯಾ?” ಎಂದು ನಮ್ಮ ಮನೆಯವರು ನಕ್ಕರು. ಹಕ್ಕಿ ಹಾರಿಹೋಗುತ್ತದೆ, ನನ್ನ ಕೈ ಅಷ್ಟು ಚುರುಕಲ್ಲ. ಕಟ್ಟಡವಾದರೆ ನಿಂತಲ್ಲೇ ನಿಂತಿರುತ್ತದೆ, ನಿಧಾನವಾಗಿ ತೆಗೆಯಬಹುದು ಎಂದುಕೊಂಡೆ. ಮುಂಬೈಯಲ್ಲಿ ಕಟ್ಟಡವೂ ಹಾರಿಹೋಗುತ್ತದೆಂದು ತಿಳಿಯಲು ಎರಡು ವರ್ಷ ಸಾಕಾಯಿತು.

ಪಾಳುಬಿದ್ದ ಕಟ್ಟಡಗಳ ಹುಚ್ಚು ಹತ್ತಿಸಿದ್ದು ಒಂದು ಭಾನುವಾರದ ಗುಂಪು. ನಾನೊಬ್ಬಳನ್ನು ಬಿಟ್ಟರೆ ಉಳಿದವರೆಲ್ಲ ಕಾಲೇಜು ಬಿಟ್ಟು ಐದಾರು ವರ್ಷವಾದ ಹುಡುಗ ಹುಡುಗಿಯರು. ವಸಯಿ ಕೋಟೆಯಲ್ಲಿ ಪೋರ್ಚುಗೀಸರ ಇಗರ್ಜಿಗಳ ಗೋಡೆ ಸೀಳಿ ಬೆಳೆದ ಆಲದ ಬೇರುಗಳನ್ನು ತೆಗೆದೆವು. ಕಾಳಾ ಘೋಡಾದ ಎಸ್‌ಪ್ಲನೇಡ್ ಮ್ಯಾನ್ಶನ್ ಎದುರಿನ ಫುಟ್‌ಪಾತಿನಲ್ಲಿ ಗಂಟೆಗಟ್ಟಲೆ ನಿಂತೆವು. ಹಿಂದೆ ವ್ಯಾಟ್ಸನ್ ಹೋಟೆಲ್ ಆಗಿದ್ದ ಆ ಕಬ್ಬಿಣದ ಕಟ್ಟಡದಲ್ಲೇ 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ನಮ್ಮ ದೇಶದಲ್ಲಿ ಮೊದಲು ತೋರಿಸಿದ್ದು. ನಾವು ಹೋದಾಗ ಅದರ ಬಾಲ್ಕನಿಗಳಿಗೆ ಮರದ ಊರೆ ಕೊಟ್ಟು ನಿಲ್ಲಿಸಿದ್ದರು. ಜನ ಇನ್ನೂ ಒಳಗೇ ಇದ್ದರು, ವಕೀಲರ ಕಚೇರಿಗಳಿದ್ದವು. 2019ರಲ್ಲಿ ಅದನ್ನೂ ಖಾಲಿ ಮಾಡಿಸಿದರು.

ಆದರೆ ನನ್ನ ಮನಸ್ಸು ಇದ್ದದ್ದು ಮಿಲ್ಲುಗಳ ಮೇಲೆ. ನಾನು ಹುಟ್ಟಿ ಬೆಳೆದದ್ದು ಪರೇಲಿನ ಚಾಳಿನಲ್ಲಿ. ಕುಂದಾಪುರದ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಮುಂಬೈಗೆ ಬಂದ ನನ್ನಪ್ಪ, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಕನ್ನಡ ಓದಿ, ಕೊನೆಗೆ ಒಂದು ಮಿಲ್ಲಿನ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವರಾದವರು. ಆ ಮಿಲ್ಲಿನ ಹೆಸರು ಇಲ್ಲಿ ಬೇಡ. ನಮಗೆ ಅದು ಬರೀ “ಮಿಲ್ಲು”. ಅದರ ಭೋಂಗಾ ಕೂಗಿದರೆ ಅಮ್ಮ ಅನ್ನಕ್ಕೆ ನೀರಿಡುತ್ತಿದ್ದರು. ಪರೇಲ್, ಲಾಲ್‌ಬಾಗ್, ವರ್ಲಿ, ಭಾಯಖಳ, ಶಿವಡಿ ಎಲ್ಲ ಸೇರಿ ಗಿರಣಗಾಂವ್, ಅಂದರೆ ಗಿರಣಿಗಳ ಊರು ಎನಿಸಿಕೊಂಡ ಈ ಭಾಗದಲ್ಲಿ ಎಲ್ಲ ಮನೆಗಳ ಗಡಿಯಾರವೂ ಆ ಭೋಂಗಾವೇ.

ಮಿಲ್ಲುಗಳ ಕಥೆಯಲ್ಲಿ ನಮ್ಮ ಕಡೆಯ ಪಾಲು ಶುರುವಾಗುವುದು ಅಪ್ಪನಂಥವರಿಗಿಂತ ಬಹಳ ಹಿಂದೆ. ಕಾವಸ್‌ಜಿ ನಾನಾಭಾಯಿ ದಾವರ್ 1854ರಲ್ಲಿ ಸ್ಥಾಪಿಸಿದ ಕಂಪನಿ ತಾಡದೇವದಲ್ಲಿ ಮುಂಬೈಯ ಮೊದಲ ಹತ್ತಿ ಗಿರಣಿ ಕಟ್ಟಿತು, 1856ರಲ್ಲಿ ಅಲ್ಲಿ ನೂಲು ತೆಗೆದರು. ಐದೇ ವರ್ಷಕ್ಕೆ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಅಲ್ಲಿನ ಹತ್ತಿ ನಿಂತು ಮ್ಯಾಂಚೆಸ್ಟರ್ ನಮ್ಮ ಹತ್ತಿಯ ಮೇಲೆ ಮುಗಿಬಿತ್ತು. ಮುಂಬೈ ವ್ಯಾಪಾರಿಗಳ ಕೈಯಲ್ಲಿ ಹಣ ಹರಿದಾಡಿತು, ಮುಂದಿನ ಗಿರಣಿಗಳಿಗೆ ಬಂಡವಾಳ ಒದಗಿತು. ಧಾರವಾಡ, ಹುಬ್ಬಳ್ಳಿಯ ಕಪ್ಪು ನೆಲದ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು, ಕುಮಟೆಯ ಬಂದರಿನಲ್ಲಿ ಹಡಗು ಹತ್ತಿ ಇಲ್ಲಿಗೆ ಬರುತ್ತಿತ್ತು. ಬೆಳೆದದ್ದು ಧಾರವಾಡ ಸೀಮೆಯಲ್ಲಾದರೂ ಮುಂಬೈ ಪೇಟೆಯಲ್ಲಿ ಅದಕ್ಕೆ ಬಿದ್ದ ಹೆಸರು “ಕುಮಟಾ”. ಹಾರ್ಬರ್ ಲೈನಿನಲ್ಲಿ ಕಾಟನ್ ಗ್ರೀನ್ ಸ್ಟೇಷನ್ ಬಂದಾಗಲೆಲ್ಲ ನನಗೆ ಈ ಗಾಡಿಗಳ ನೆನಪಾಗುತ್ತದೆ.

ಅಪ್ಪನ ಮಿಲ್ಲಿನೊಳಗೆ ಹೋಗಲು ಪರವಾನಗಿ ಸಿಕ್ಕಿದ್ದು 2011ರ ಜನವರಿಯಲ್ಲಿ. ನಾಲ್ಕು ಅರ್ಜಿ, ಒಂದು ಮುಚ್ಚಳಿಕೆ ಪತ್ರ, ಏನಾದರೂ ಆದರೆ ನಾವೇ ಹೊಣೆ ಎಂಬ ಸಹಿ. ಗೋಡೆ ಹಾರಿ ಹೋಗುವ ಹುಡುಗರನ್ನು ನಾನು ಬಲ್ಲೆ. ಚಿಮಣಿ ಹತ್ತಿ ವಿಡಿಯೋ ಮಾಡುವವರೂ ಇದ್ದಾರೆ. ಅವರ ಚಿತ್ರ ಚೆನ್ನಾಗಿದ್ದರೂ ನನಗೆ ಆ ಧೈರ್ಯ ಮೆಚ್ಚುಗೆಯಿಲ್ಲ. ಮೂವತ್ತು ವರ್ಷ ಮಳೆ ಕುಡಿದ ಮರದ ಅಟ್ಟ ಯಾರ ಭಾರ ತಾಳುತ್ತದೆ, ಯಾರದ್ದು ತಾಳುವುದಿಲ್ಲ ಎಂದು ಹೇಳಿಕೊಂಡು ಬರುವುದಿಲ್ಲ. ನಮ್ಮ ಜೊತೆ ವಾಚ್‌ಮನ್ ಇದ್ದ, ಕಾಲಿಗೆ ದಪ್ಪ ಬೂಟು, ಪಾರಿವಾಳದ ಹಿಕ್ಕೆಯ ಧೂಳಿಗೆ ಮೂಗಿಗೆ ಬಟ್ಟೆ.

ನೇಯ್ಗೆಯ ಶೆಡ್ಡಿಗೆ ಕಾಲಿಟ್ಟೊಡನೆ ನಮ್ಮ ಗುಂಪಿನವರು ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಬೆಳಕು ಹಾಗಿತ್ತು. ಮಿಲ್ಲಿನ ಮಾಡನ್ನು ನೀವು ಲೋಕಲ್ ಟ್ರೈನಿನಿಂದ ನೋಡಿರುತ್ತೀರಿ, ಗರಗಸದ ಹಲ್ಲು ಜೋಡಿಸಿಟ್ಟಂತೆ. ಪ್ರತಿ ಹಲ್ಲಿನ ನೆಟ್ಟನೆಯ ಬದಿಗೆ ಗಾಜು, ಅದರ ಮುಖ ಉತ್ತರಕ್ಕೆ. ನೇರ ಬಿಸಿಲು ಒಳಗೆ ಬೀಳಬಾರದು, ಆದರೆ ದಿನವಿಡೀ ಒಂದೇ ಹದದ ಬೆಳಕಿರಬೇಕು, ಸಾಲುಮಗ್ಗಗಳ ನಡುವೆ ಓಡಾಡುವವನಿಗೆ ಹರಿದ ಎಳೆ ಕಣ್ಣಿಗೆ ಬೀಳಬೇಕು, ಅದಕ್ಕಾಗಿ ಈ ಏರ್ಪಾಡು. ಎಳೆ ಹುಡುಕಲೆಂದು ಮಾಡಿದ ಬೆಳಕು ಫೋಟೋ ತೆಗೆಯುವವರಿಗೆ ಹಬ್ಬದೂಟ. ಮಗ್ಗಗಳ ಅದುರಾಟಕ್ಕೆ ಮಹಡಿ ತಡೆಯದೆಂದು ನೇಯ್ಗೆ ನೆಲದ ಮೇಲೆ. ನೂಲುವುದು ಪಕ್ಕದ ಮೂರು ಮಹಡಿಗಳಲ್ಲಿ. ಕಲ್ಲಿದ್ದಲ ಹೊಗೆಯ ಚಿಮಣಿ ಇನ್ನೂ ನಿಂತಿತ್ತು. ಖೋಪೋಲಿಯ ಟಾಟಾ ಜಲವಿದ್ಯುತ್ 1915ರಿಂದ ಗಿರಣಿಗಳಿಗೆ ಬರತೊಡಗಿದ ಮೇಲೆ ಉಗಿಯಂತ್ರಗಳ ಕೆಲಸ ತೀರುತ್ತ ಬಂತು, ಚಿಮಣಿಗಳು ಮಾತ್ರ ಊರಿನ ಗುರುತಾಗಿ ಉಳಿದವು.

ಮಗ್ಗಗಳನ್ನೆಲ್ಲ ಗುಜರಿಗೆ ಹಾಕಿಯಾಗಿತ್ತು. ನೆಲದಲ್ಲಿ ಬೋಲ್ಟಿನ ತೂತುಗಳು, ಎಣ್ಣೆ ಹೀರಿ ಕಪ್ಪಾದ ಚೌಕಗಳು, ಒಂದು ಮೂಲೆಯಲ್ಲಿ ಮರದ ಲಾಳಿ. ಗುಂಪಿನ ಹುಡುಗಿ ಅದನ್ನೆತ್ತಿ ಕಿಟಕಿಯ ಮೇಲಿಟ್ಟು ಇಪ್ಪತ್ತು ಚಿತ್ರ ತೆಗೆದಳು. ಅವಳಿಗೆ ನಾನೊಂದು ಮಾತು ಹೇಳಿದೆ. ಹಳೆಯ ಕಾಲದಲ್ಲಿ ನೂಲಿನ ತುದಿಯನ್ನು ಲಾಳಿಯ ತೂತಿನಿಂದ ಬಾಯಲ್ಲಿ ಎಳೆದುಕೊಳ್ಳುತ್ತಿದ್ದರು. ಎಂಜಲಿನ ನೆಪ ಹಿಡಿದು ದಲಿತರಿಗೆ ನೇಯ್ಗೆ ಖಾತೆಯ ಬಾಗಿಲು ಮುಚ್ಚಿತ್ತು. ನೇಯ್ಗೆಯವರ ಪಗಾರವೇ ಹೆಚ್ಚು. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರ್ ಈ ಪ್ರಶ್ನೆ ಎತ್ತಿದ್ದರು. ಹುಡುಗಿ ಲಾಳಿಯನ್ನು ಎತ್ತಿದಲ್ಲೇ ವಾಪಸ್ಸು ಇಟ್ಟಳು. ನಾನು ಹೇಳಬಾರದಿತ್ತೇನೋ ಅನ್ನಿಸಿತು. ಅವಳ ಚಿತ್ರ ನಿಜಕ್ಕೂ ಸುಂದರವಾಗಿತ್ತು.

ಅಪ್ಪನ ಕ್ಯಾಂಟೀನು ಹುಡುಕಿದೆ. ಸಿಕ್ಕಿದ್ದು ಒಲೆಯ ಕಟ್ಟೆ ಮಾತ್ರ. 1982ರ ಜನವರಿ 18ಕ್ಕೆ ಮುಂಬೈ ಗಿರಣಿಗಳ ಮುಷ್ಕರ ಶುರುವಾಯಿತು. ಡಾ. ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಕಾಮಗಾರರು. ಬೋನಸ್ಸು, ಪಗಾರದ ಬೇಡಿಕೆಯ ಜೊತೆಗೆ ಇನ್ನೊಂದು ಗಂಟಿತ್ತು. 1946ರ ಕಾಯ್ದೆ ಪ್ರಕಾರ ಉದ್ಯಮಕ್ಕೆ ಮಾನ್ಯ ಸಂಘಟನೆ ಒಂದೇ, ಕಾಮಗಾರರಿಗೆ ಬೇಕಾದವರ ಜೊತೆ ಮಾತಾಡುವ ಬಾಧ್ಯತೆ ಮಾಲೀಕರಿಗಿರಲಿಲ್ಲ. ವರ್ಷ ಕಳೆಯಿತು, ಒಂದೂವರೆ ವರ್ಷ ಕಳೆಯಿತು. 1983ರಲ್ಲಿ 13 ಗಿರಣಿಗಳ ಆಡಳಿತವನ್ನು ಸರಕಾರ ವಹಿಸಿಕೊಂಡಿತು. ಮುಷ್ಕರ ಮುಗಿಯಿತೆಂದು ಯಾರೂ ಅಧಿಕೃತವಾಗಿ ಹೇಳಲೇ ಇಲ್ಲ. ಮೊದಮೊದಲು ಅಪ್ಪ ದಿನಾ ಇಸ್ತ್ರಿ ಅಂಗಿ ಹಾಕಿ ಗೇಟಿನವರೆಗೆ ಹೋಗಿ ಬರುತ್ತಿದ್ದರು. “ಒಳ್ಗ್ ಯಾರೂ ಇಲ್ಲ. ಯಾರಿಗ್ ಚಾ ಕೊಡೂದ್ ಹೇಳ್?” ಎನ್ನುತ್ತಿದ್ದರು. ಐವತ್ತೆರಡನೇ ವಯಸ್ಸಿಗೆ ಚೆಂಬೂರಿನ ಒಂದು ಹೋಟೆಲಿನಲ್ಲಿ, ತಮಗಿಂತ ಇಪ್ಪತ್ತು ವರ್ಷ ಚಿಕ್ಕವನ ಕೈಕೆಳಗೆ, ಮತ್ತೆ ತಟ್ಟೆ ಎಣಿಸುವ ಕೆಲಸಕ್ಕೆ ಸೇರಿದರು. ಆ ಒಲೆಕಟ್ಟೆಯ ಚಿತ್ರ ನಾನು ತೆಗೆಯಲಿಲ್ಲ. ಕ್ಯಾಮೆರಾ ಎತ್ತಿದೆ, ಕೈ ಬರಲಿಲ್ಲ.

ಹೊರಡುವ ಹೊತ್ತಿಗೆ ಕಣ್ಣಿಗೆ ಬಿದ್ದದ್ದು ವೈಂಡಿಂಗ್ ಖಾತೆಯ ಹಿಂದಿನ ಉದ್ದನೆಯ ಕೋಣೆ. ಬಾಗಿಲಿರಲಿಲ್ಲ. ಸುಣ್ಣ ಬಳಿದ ಗೋಡೆ, ಎತ್ತರದಲ್ಲಿ ಮೂರು ಕಿಟಕಿ. ತಲೆಗಿಂತ ಸ್ವಲ್ಪ ಮೇಲೆ, ಎರಡು ಬದಿಯ ಗೋಡೆಗಳ ಗುಂಟ ಅಡ್ಡಕ್ಕೆ ಹಾಯ್ದ ಮರದ ತೊಲೆಗಳು, ಅವುಗಳಲ್ಲಿ ಕಬ್ಬಿಣದ ಕೊಕ್ಕೆಗಳು. ಎಣಿಸಿದೆ, ಒಂದೊಂದು ಬದಿಗೆ ಹದಿನಾಲ್ಕರಂತೆ ಇಪ್ಪತ್ತೆಂಟು. ಇಳಿಬಿಸಿಲು ಒಂದೇ ಕಿಟಕಿಯಿಂದ ಓರೆಯಾಗಿ ಬಿದ್ದು ಕೊಕ್ಕೆಗಳ ನೆರಳು ಗೋಡೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲಿನಂತೆ ಕಾಣುತ್ತಿತ್ತು. ನೂಲಿನ ಲಡಿ ತೂಗುಹಾಕಲು ಇರಬೇಕೆಂದುಕೊಂಡೆ. ಟ್ರೈಪಾಡ್ ಇಟ್ಟು, ಎಂಟು ಸೆಕೆಂಡು ಶಟರ್ ತೆರೆದಿಟ್ಟು ತೆಗೆದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಕಪ್ಪುಬಿಳುಪು ಮಾಡಿದೆ. ಕಪ್ಪನ್ನು ಇನ್ನಷ್ಟು ಕಪ್ಪು ಮಾಡಿ, ಸವೆದ ಗೋಡೆಯ ಗಲೀಜೆಲ್ಲ ಕತ್ತಲಲ್ಲಿ ಮುಳುಗುವಂತೆ ನೋಡಿಕೊಂಡೆ. ಕೊಕ್ಕೆಗಳು ಮಾತ್ರ ಹೊಳೆದವು. “ಮೌನ” ಎಂದು ಹೆಸರಿಟ್ಟೆ. ಗುಂಪಿನ ಪ್ರದರ್ಶನದಲ್ಲಿ ಅದಕ್ಕೆ ಮೊದಲ ಸ್ಥಾನ ಬಂತು. ಯಾರೋ ಒಬ್ಬರು ತಮ್ಮ ಹೊಸ ಮನೆಯ ಹಾಲಿಗೆಂದು ಕೊಂಡುಕೊಂಡರು. ನನ್ನ ಸಂಭ್ರಮ ಕೇಳಬೇಡಿ.

ಅಮ್ಮ ಆಗಲೂ ಪರೇಲಿನ ಚಾಳಿನಲ್ಲೇ ಇದ್ದರು. ಶನಿವಾರ ಹೋದಾಗ ಪ್ರಿಂಟು ತೋರಿಸಿದೆ. ಅಮ್ಮ ನೋಡಿ, “ಚೆಂದ ಇತ್ತ್. ಅಕ್ಕಲಕೋಟೆ ಅಜ್ಜಿಗೂ ತೋರ್ಸ್, ಅವ್ರಿದ್ದ ಮಿಲ್ಲಲ್ದಾ” ಎಂದರು. ನಾಲ್ಕು ಬಾಗಿಲು ಆಚೆ ಇದ್ದ ಅಜ್ಜಿಯ ಹೆಸರು ಚಾಳಿನಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ಮದುವೆಯಾಗಿ ಬಂದ ವರ್ಷವೇ ಮಿಲ್ಲಿಗೆ ಸೇರಿದವರು. ಅಷ್ಟು ನನಗೆ ಗೊತ್ತಿತ್ತು. ಮೂವತ್ತು ವರ್ಷ ಪಕ್ಕದಲ್ಲಿದ್ದೂ ಅದಕ್ಕಿಂತ ಹೆಚ್ಚು ಕೇಳಿರಲಿಲ್ಲ.

ಅಜ್ಜಿ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಏ ತಂಗಿ, ಇದು ನಮ್ಮ ತೊಟ್ಟಲ ಖೋಲಿ ಅಲ್ಲೇನ? ಹುಡುಗೂರ್ನ ಎಲ್ಲಿ ಬಿಟ್ಟಿ?” ಎಂದರು.

ಒಂದೊಂದು ಕೊಕ್ಕೆಗೂ ಒಂದೊಂದು ತೊಟ್ಟಿಲು. ಬಟ್ಟೆಯ ಜೋಳಿಗೆ, ಅದಕ್ಕೊಂದು ಹಗ್ಗ. ಒಬ್ಬ ಆಯಾ ಮಧ್ಯೆ ಕುಳಿತು ನಾಲ್ಕೈದು ಹಗ್ಗ ಒಟ್ಟಿಗೆ ಎಳೆಯುತ್ತಿದ್ದಳಂತೆ. ಹಾಲೂಡಿಸಲು ತಾಯಂದಿರಿಗೆ ಬಿಡುವು ಕೊಡುತ್ತಿದ್ದರು. ನೂಲಿನ ಧೂಳು ತಲೆಯ ಮೇಲೆ ಬೆಳ್ಳಗೆ ಕೂತಿರುತ್ತಿತ್ತು, ಅದನ್ನು ಕೊಡವಿ ಒಳಗೆ ಹೋಗಬೇಕು, ಇಲ್ಲದಿದ್ದರೆ ಆಯಾ ಬೈಯುತ್ತಿದ್ದಳು. ಅಜ್ಜಿಯ ಮೂರು ಮಕ್ಕಳೂ ಅಲ್ಲೇ ಬೆಳೆದವರು. “ನಮ್ಮತ್ತಿ ಕಾಲಕ್ಕ ಇದೂ ಇರಲಿಲ್ಲ. ನಮ್ಮನಿಯವ್ರಿಗೆ ಅಫೀಮಿನ ಗುಳಿಗಿ ಹಾಕಿ ಮಲಗಿಸಿ ಹೋಗ್ತಿದ್ಲು. ಅದಕ್ಕ ಅವರು ಸಾಯೂತನಕ ನಿದ್ದಿಗಣ್ಣಾಗ ಇದ್ರು ನೋಡು” ಎಂದು ನಕ್ಕರು.

ಆ ನಗುವಿನ ಹಿಂದೆ ಏನಿತ್ತೆಂದು ತಿಳಿಯಲು ನಾನು ಗ್ರಂಥಾಲಯಕ್ಕೆ ಹೋಗಬೇಕಾಯಿತು. ಅಫೀಮು ಬೆರೆಸಿದ ಆ ಗುಳಿಗೆಗೆ ಮರಾಠಿಯಲ್ಲಿ ಬಾಳಗೋಳಿ ಎನ್ನುತ್ತಿದ್ದರು. 1922ರಲ್ಲಿ ಮುಂಬೈ ಸರಕಾರ ಡಾ. ಬಾರ್ನ್ಸ್ ಎಂಬ ವೈದ್ಯೆಯನ್ನು ನೇಮಿಸಿ ಗಿರಣಿ ಹೆಂಗಸರ ಬಸಿರು ಬಾಣಂತನದ ಸ್ಥಿತಿ ಏನೆಂದು ವರದಿ ಬರೆಸಿತು. ಕೂಸುಗಳಿಗೆ ಅಫೀಮು ಕೊಡುವುದು ಎಷ್ಟು ಸಾಮಾನ್ಯವಾಗಿತ್ತೆಂದು ಅದರಲ್ಲಿ ದಾಖಲಾಗಿದೆ. 1929ರಲ್ಲಿ ಮುಂಬೈ ಪ್ರಾಂತ್ಯ ಹೆರಿಗೆ ಭತ್ಯೆಯ ಕಾಯ್ದೆ ತಂದಿತು, ದೇಶದಲ್ಲೇ ಮೊದಲನೆಯದು. 1948ರ ಫ್ಯಾಕ್ಟರಿ ಕಾಯ್ದೆ, 50ಕ್ಕಿಂತ ಹೆಚ್ಚು ಹೆಂಗಸರಿದ್ದ ಕಾರ್ಖಾನೆಯಲ್ಲಿ ಮಕ್ಕಳ ಕೋಣೆ ಇರಲೇಬೇಕೆಂದಿತು. ನನ್ನ ಇಪ್ಪತ್ತೆಂಟು ಕೊಕ್ಕೆಗಳ ಹಿಂದೆ ಇಷ್ಟು ಕಾಗದಪತ್ರವಿತ್ತು.

ಇದನ್ನು ಓದಿದರೆ ಹೆಂಗಸರ ಸ್ಥಿತಿ ದಿನದಿನಕ್ಕೆ ಸುಧಾರಿಸಿತು ಎನಿಸುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. 1920ರ ದಶಕದಲ್ಲಿ ಮುಂಬೈ ಗಿರಣಿಗಳ ಕೆಲಸಗಾರರಲ್ಲಿ ಹೆಚ್ಚು ಕಡಿಮೆ ಐವರಲ್ಲೊಬ್ಬರು ಹೆಂಗಸರು. ಮುಷ್ಕರದ ಹೊತ್ತಿಗೆ ನೂರಕ್ಕೆ ಬೆರಳೆಣಿಕೆಯಷ್ಟು. ಗಿರಣಿಗಳು ಎರಡು, ಮೂರು ಪಾಳಿಯಲ್ಲಿ ಓಡತೊಡಗಿದವು. ಹೆಂಗಸರಿಗೆ ರಾತ್ರಿಪಾಳಿ ಕಾಯ್ದೆಯಿಂದಲೇ ನಿಷಿದ್ಧ. ಹೆರಿಗೆ ಭತ್ಯೆ ಮಾಲೀಕನ ಜೇಬಿನಿಂದ ಹೋಗಬೇಕು. ವೈಂಡಿಂಗ್, ರೀಲಿಂಗ್ ಖಾತೆಗಳಲ್ಲೇ ಹೆಂಗಸರು ಹೆಚ್ಚು, ಹೊಸ ಯಂತ್ರಗಳು ಬಂದಾಗ ಮೊದಲು ಖಾಲಿಯಾದದ್ದೂ ಆ ಖಾತೆಗಳೇ. ಐವತ್ತರ ಲೆಕ್ಕ ತಿಳಿದ ಮಾಲೀಕನಿಗೆ, ಐವತ್ತಕ್ಕಿಂತ ಕೆಳಗಿಳಿಸಿದರೆ ತೊಟ್ಟಿಲ ಖರ್ಚೂ ಇಲ್ಲ ಎಂಬುದು ಹೊಳೆಯದೆ ಇರುತ್ತದೆಯೇ? ಇದು ನನ್ನ ಊಹೆ, ಬ್ಯಾಂಕಿನಲ್ಲಿ ಲೆಕ್ಕ ನೋಡಿ ಬೆಳೆದವಳ ಗುಮಾನಿ. ಹಕ್ಕುಗಳು ಬಂದವು, ಅವನ್ನು ಕೇಳಬೇಕಾದವರನ್ನು ಗೇಟಿನಿಂದಾಚೆ ಮಾಡಿದರು. 1982 ಎಂದರೆ ಗಂಡಸರ ಕೆಲಸ ಹೋದ ವರ್ಷ ಎಂದು ನಾವೆಲ್ಲ ಹೇಳುತ್ತೇವೆ. ಹೆಂಗಸರ ಕೆಲಸ ಅದಕ್ಕೂ ಮೊದಲೇ, ಮುಷ್ಕರವಿಲ್ಲದೆ, ಸುದ್ದಿಯಿಲ್ಲದೆ ಹೋಗಿತ್ತು.

ಅಜ್ಜಿಯನ್ನೂ ಹಾಗೇ ಕಳಿಸಿದ್ದು, ಹೊಸ ಮಷಿನ್ ಬಂದಾಗ. ಕೈಗೆ ಬಂದ ಅಷ್ಟಿಷ್ಟು ಹಣದಲ್ಲಿ ಪಾತ್ರೆ ಕೊಂಡು ಖಾನಾವಳಿ ಶುರು ಮಾಡಿದರು. ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಗಂಡಸರಿಗೆ ತಿಂಗಳ ಲೆಕ್ಕದಲ್ಲಿ ಎರಡು ಹೊತ್ತು ಊಟ. ಇಂಥ ಹೆಂಗಸರನ್ನೇ ಸೇರಿಸಿ ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಬ್ಯಾಂಕ್ ಸಾಲ ಸಿಗುವಂತೆ ಮಾಡಿದ್ದನ್ನು ನಾನು ನೌಕರಿಗೆ ಸೇರಿದ ಹೊಸದರಲ್ಲಿ ಕೇಳಿದ್ದೆ. ನಮ್ಮ ಚಾಳಿನಲ್ಲೇ ಅಂಥವರೊಬ್ಬರಿದ್ದಾರೆಂದು ಹೊಳೆದಿರಲಿಲ್ಲ. ಮುಷ್ಕರ ನಡೆದಾಗ ಅಜ್ಜಿಯ ಹನ್ನೊಂದು ಜನ ಬಾಕಿ ಉಳಿಸಿ ಊರಿಗೆ ಹೋದರು. “ಬರ್ತೀವಿ ಅಂದ್ರು. ಇಬ್ರು ಬಂದು ಕೊಟ್ರು. ಉಳಿದವ್ರು ಎಲ್ಲಿ ಹೋದ್ರೋ, ಪಾಪ” ಎಂದರು. ದೂರಲಿಲ್ಲ.

ಮುಂಬೈ ಗಿರಣಿಗಳ ಬಗ್ಗೆ ಅಜ್ಜಿಯಂಥವರ ಬಾಯಿಂದಲೇ ಕೇಳಿ ಬರೆದ ಒಂದು ದೊಡ್ಡ ಇಂಗ್ಲಿಷ್ ಪುಸ್ತಕ 2004ರಲ್ಲಿ ಬಂದಿದೆ. ಅದನ್ನು ಮಾಡಿದವರೂ ಇಬ್ಬರು ಮಹಿಳೆಯರೇ, ನೀರಾ ಅಡಾರ್ಕರ್ ಮತ್ತು ಮೀನಾ ಮೆನನ್. ಓದಿದಾಗ ನನ್ನ ಹಾರ್ಡ್‌ಡಿಸ್ಕಿನಲ್ಲಿದ್ದ ಸಾವಿರಾರು ಚಿತ್ರಗಳ ಬಗ್ಗೆ ನನಗೇ ನಾಚಿಕೆಯಾಯಿತು. ಒಂದರಲ್ಲೂ ಮನುಷ್ಯರಿಲ್ಲ. ಇರದಂತೆ ನಾನೇ ಕಾದು, ವಾಚ್‌ಮನ್‌ನನ್ನೂ ಪಕ್ಕಕ್ಕೆ ನಿಲ್ಲಿಸಿ ತೆಗೆದವು.

ಆ ದಿನ ಪ್ರಿಂಟ್ ವಾಪಸ್ಸು ಕೊಡುವಾಗ ಅಜ್ಜಿ ಕೇಳಿದ್ದರು: “ಕೊಕ್ಕಿ ಕೆಳಗ ಗ್ವಾಡಿ ಮ್ಯಾಲ ನಂಬರ್ ಬರದಿದ್ರು. ಕಾಣವಲ್ದು. ನಂದು ಹದಿನಾಲ್ಕು.” ಪ್ರತಿ ತಾಯಿಗೂ ಒಂದು ನಂಬರು, ಮಗು ಅದಲುಬದಲಾಗದಿರಲೆಂದು. ಮೂರು ಮಕ್ಕಳಿಗೂ ಅವರು ಹಟ ಹಿಡಿದು ಅದೇ ನಂಬರು ಪಡೆದಿದ್ದರಂತೆ, ಕಿಟಕಿಯ ಗಾಳಿ ಬರುತ್ತದೆಂದು.

ಮನೆಗೆ ಹೋಗಿ ಮೂಲ ಫೈಲು ತೆರೆದೆ. ನಾನು ಗಲೀಜು ಎಂದು ಕತ್ತಲಲ್ಲಿ ಮುಳುಗಿಸಿದ್ದ ಗೋಡೆಯನ್ನು ನಿಧಾನವಾಗಿ ಬೆಳಗಿಸುತ್ತ ಹೋದೆ. ಸುಣ್ಣದ ಪದರಗಳ ಕೆಳಗೆ, ನೀಲಿಬಣ್ಣದಲ್ಲಿ, 9, 10 ಕಂಡವು. 11 ಅರ್ಧ. 12, 13 ಸ್ಪಷ್ಟ. ಕೊನೆಯ ಕೊಕ್ಕೆಯ ಕೆಳಗೆ ಗೋಡೆ ಉದುರಿತ್ತು, ಅದರ ಪಕ್ಕ ಕಿಟಕಿಯ ಚೌಕಟ್ಟಿನ ನೆರಳು. ಇನ್ನೊಮ್ಮೆ ಹೋಗಿ ಹತ್ತಿರದಿಂದ ತೆಗೆಯೋಣವೆಂದು ಮತ್ತೆ ಅರ್ಜಿ ಹಾಕಿದೆ. ಮಳೆಗಾಲ ಬಂತು. ದೀಪಾವಳಿ ಹೊತ್ತಿಗೆ ಕಾಂಪೌಂಡಿನ ಸುತ್ತ ನೀಲಿ ತಗಡು ಎದ್ದಿತ್ತು, ಒಳಗಿನಿಂದ ಕಲ್ಲು ಒಡೆಯುವ ಸದ್ದು. ಮಿಲ್ಲಿನ ಜಾಗದಲ್ಲಿ ಮೂರರಲ್ಲೊಂದು ಪಾಲು ಊರಿಗೆ ಬಯಲು, ಇನ್ನೊಂದು ಪಾಲು ಬಡವರ ಮನೆಗೆ, ಉಳಿದದ್ದು ಮಾಲೀಕರಿಗೆ ಎಂಬ 1991ರ ನಿಯಮವನ್ನು 2001ರಲ್ಲಿ ತಿದ್ದಿ, ಕಟ್ಟಡವಿಲ್ಲದ ಖಾಲಿ ನೆಲಕ್ಕಷ್ಟೇ ಆ ಲೆಕ್ಕ ಎಂದು ಮಾಡಿದ್ದರು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಗಿರಣಗಾಂವಿನ ಸುಮಾರು 600 ಎಕರೆಯಲ್ಲಿ ಊರಿಗೆ ದಕ್ಕಿದ್ದು ಎಷ್ಟೆಂದು ಲೋವರ್ ಪರೇಲಿನಲ್ಲಿ ಇಳಿದು ಸುತ್ತ ಕಣ್ಣಾಡಿಸಿದರೆ ಸಾಕು.

ಕೊನೆಗೆ ಮೂಲ ಫೈಲಿನಿಂದಲೇ ಬೇರೊಂದು ಪ್ರಿಂಟು ಮಾಡಿಸಿದೆ, ಬಣ್ಣದಲ್ಲಿ, ಗೋಡೆ ಕಾಣುವಂತೆ. ಸ್ಪರ್ಧೆಗೆ ಕಳಿಸಿದರೆ ಯಾರೂ ತಿರುಗಿ ನೋಡಲಾರರು. ಬೆಳಕು ಸಪ್ಪೆ, ನೆರಳಿನ ಆಟವೆಲ್ಲ ಮಾಯ, ಜೇಡರಬಲೆ, ಉಗುಳಿದ ಕಲೆ. ಈ ಲೇಖನದ ಜೊತೆ ಕೊಡುತ್ತಿರುವುದು ಅದನ್ನೇ. ಅಜ್ಜಿಯ ಕೈಗೆ ಕೊಟ್ಟಾಗ ಅವರು ಕನ್ನಡಕ ಏರಿಸಿ ಒಂದೊಂದೇ ನಂಬರಿನ ಮೇಲೆ ಬೆರಳಿಟ್ಟು ಬಂದರು. ಹದಿಮೂರು ದಾಟಿ ಗೋಡೆ ಉದುರಿದಲ್ಲಿ ಬೆರಳು ನಿಂತಿತು.

“ಇಲ್ಲೇ,” ಎಂದರು. ಮಗನನ್ನು ಕರೆದು ತೋರಿಸಿದರು.